ಓದಿದವರ ಸಹಿ

ಬೆಂಗಳೂರು
12 ಜೂನ್ 2006

ಇವರಿಗೆ,
ಶ್ರೀಮತಿ ಮಾಯಮ್ಮ, ಮೇಲ್ವಿಚಾರಕಿ,
ಪಂಚಾಯಿತಿ ವಾಚನಾಲಯ, ಸಂಪಿಗೆದೊಡ್ಡಿ, ಕೆಂಗಲ್ ಮಾರ್ಗ.

ಮಾನ್ಯರೇ,

ವಿಷಯ: ವಾಚನಾಲಯವನ್ನು ತೆರಿಗೆ ಹಣದಲ್ಲಿ ಮುಂದುವರಿಸುವ ಬಗ್ಗೆ.

ಹಳ್ಳಿಗಳಲ್ಲಿ ನಡೆಯುತ್ತಿರುವ ಸಣ್ಣ ಪುಟ್ಟ ಸೇವೆಗಳಲ್ಲಿ ಯಾವುದಕ್ಕೆ ಸಾರ್ವಜನಿಕರ ತೆರಿಗೆ ಹಣ ಕೊಡಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸಲು ನಮ್ಮ ಗ್ರಾಮ ಸೇವೆಗಳ ಪರಿಶೀಲನಾ ಸಮಿತಿಯನ್ನು ರಚಿಸಲಾಗಿದೆ. ತಮ್ಮ ವಾಚನಾಲಯದ ಮಾರ್ಚ್, ಏಪ್ರಿಲ್, ಮೇ ತಿಂಗಳ ಹಾಜರಿ ಪುಸ್ತಕದ ನಕಲನ್ನು ನೋಡಲಾಯಿತು. ‘ಓದಿದವರ ಸಹಿ’ ಎಂಬ ಕಾಲಮ್ಮಿನಲ್ಲಿ ದಿನಕ್ಕೆ ಒಂದೇ ಸಹಿ ಇದೆ. ಆ ಸಹಿ ತಮ್ಮದೇ ಆಗಿದೆ. ಮೂರು ತಿಂಗಳಲ್ಲಿ ಒಂದು ದಿನವೂ ಇದು ತಪ್ಪಿಲ್ಲ ಎಂಬುದನ್ನು ಸಮಿತಿಯು ವಿಶೇಷವಾಗಿ ಗಮನಿಸಿದೆ.

ಈ ಬಗ್ಗೆ ತಮ್ಮ ವಿವರಣೆಯನ್ನು ಹದಿನೈದು ದಿನಗಳೊಳಗೆ ಕಳುಹಿಸತಕ್ಕದ್ದು.

ಅನಂತರಾಜು
ಅಧೀಕ್ಷಕ


ಸಂಪಿಗೆದೊಡ್ಡಿ
19 ಜೂನ್ 2006

ಅನಂತರಾಜು ಸಾಹೇಬರಿಗೆ ಮಾಯಮ್ಮ ಮಾಡುವ ನಮಸ್ಕಾರಗಳು.

ಸರ್ಕಾರದ ಮೊಹರಿನ ಲಕೋಟೆ ನೋಡಿ ಮೊದಲು ಎದೆ ಧಸಕ್ಕೆಂದಿತು. ಒಡೆದು ಓದಿದ ಮೇಲೆ ಕಣ್ಣಲ್ಲಿ ನೀರು ಬಂತು. ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ ಎಂದು ಇವತ್ತಿನವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟು ದೂರದ ಬೆಂಗಳೂರಿನಲ್ಲಿ ಕೂತು ನೀವು ವಿಶೇಷವಾಗಿ ಗಮನಿಸಿದ್ದೀರಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ಏಪ್ರಿಲ್ ತಿಂಗಳಲ್ಲಿ ನನ್ನ ನಾದಿನಿಯ ಮದುವೆ ಇತ್ತು. ಅವತ್ತೂ ಬೆಳಿಗ್ಗೆ ಬಾಗಿಲು ತೆಗೆದು, ಪೇಪರ್ ಓದಿ, ಸಹಿ ಹಾಕಿ, ಆಮೇಲೆ ಧಾರೆಗೆ ಹೋದೆ. ಧಾರೆ ಮುಗಿದಿತ್ತು. ಅತ್ತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ವಿವರಣೆ ಕೇಳಿದ್ದೀರಿ. ಓದಿದವಳು ನಾನೊಬ್ಬಳೇ ಎನ್ನುವುದು ನಿಜ. ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಸಹಿಯಿಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳುವುದಾದರೆ ಇನ್ನೊಂದು ಮಾತು. ನಮ್ಮ ವಾಚನಾಲಯದ ಜಗಲಿ ಸಾಲುತ್ತಿಲ್ಲ. ಮುಂದಕ್ಕೆ ಎರಡು ಶೀಟು ಹಾಕಿಸಿಕೊಟ್ಟರೆ ಮಳೆಗಾಲಕ್ಕೆ ಬಹಳ ಉಪಕಾರವಾಗುತ್ತದೆ.

ಇಂತಿ ನಿಮ್ಮ ವಿಧೇಯಳು
ಮಾಯಮ್ಮ


ಬೆಂಗಳೂರು
3 ಜುಲೈ 2006

ಶ್ರೀಮತಿ ಮಾಯಮ್ಮನವರಿಗೆ,

ತಮ್ಮ ಪತ್ರ ತಲುಪಿದೆ. ಜೂನ್ 12ರ ನಮ್ಮ ಪತ್ರವು ಪ್ರಶಂಸೆಯಲ್ಲ, ಆಕ್ಷೇಪಣೆ ಎಂದು ಸ್ಪಷ್ಟಪಡಿಸಬಯಸುತ್ತೇನೆ. ಒಂದು ಊರಿನಲ್ಲಿ ಒಬ್ಬರೇ ಓದುತ್ತಾರೆ, ಆ ಒಬ್ಬರಿಗೆ ಓದಿದ್ದಕ್ಕಾಗಿ ಸರ್ಕಾರವೇ ಗೌರವಧನ ಕೊಡುತ್ತದೆ ಎಂದರೆ ಇದು ಯಾವ ಸೇವೆ? ಆ ಒಬ್ಬರು ಕೂರಲು ಜಗಲಿ ಸಾಲುತ್ತಿಲ್ಲ ಎಂಬುದಂತೂ ನನಗೆ ಅರ್ಥವಾಗಿಲ್ಲ.

ತೆರಿಗೆ ಎಂದರೆ ಜನ ಬೆವರು ಸುರಿಸಿ ಕೊಟ್ಟ ಹಣ. ಅದು ಕುಡಿಯುವ ನೀರು, ರಸ್ತೆ, ಶಾಲೆ, ಆಸ್ಪತ್ರೆ ಇವುಗಳಿಗೆ ಹೋಗಬೇಕು. ಇವು ಒಬ್ಬೊಬ್ಬರೇ ಮಾಡಿಕೊಳ್ಳಲಾಗದ ಕೆಲಸಗಳು. ಪೇಪರ್ ಹಾಗಲ್ಲ. ಬೇಕಾದವರು ಕಾಸು ಕೊಟ್ಟು ಮನೆಗೆ ತರಿಸಿಕೊಳ್ಳಬಹುದು, ತಾವೂ ಸಹ.

ಸದ್ಯದಲ್ಲೇ ಮುನ್ಸೂಚನೆ ಕೊಡದೆ ತಪಾಸಣೆಗೆ ಬರಲಾಗುವುದು.

ಅನಂತರಾಜು


ಬೆಂಗಳೂರು
20 ಜುಲೈ 2006

ಶ್ರೀಮತಿ ಮಾಯಮ್ಮನವರಿಗೆ,

ದಿನಾಂಕ 18ರ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಊರಿಗೆ ಬಂದಿದ್ದೆ. ಕೆಂಗಲ್ ದೇವಸ್ಥಾನದ ಹತ್ತಿರ ಬಸ್ಸಿಳಿದು ನಾಲ್ಕು ಕಿಲೋಮೀಟರ್ ಬಿಸಿಲಿನಲ್ಲಿ ನಡೆದೆ. ವಾಚನಾಲಯದ ಬಾಗಿಲು ತೆರೆದಿತ್ತು. ಒಳಗೂ ಹೊರಗೂ ಒಂದು ನರಪಿಳ್ಳೆಯೂ ಇರಲಿಲ್ಲ. ಜಗಲಿಯ ತುಂಬ ರೇಷ್ಮೆ ಹುಳ ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದರು. ಒಂದು ಮೂಲೆಯಲ್ಲಿ ಬಣ್ಣ ಹಚ್ಚಿದ ಮರದ ಬೊಂಬೆಗಳು ಒಣಗುತ್ತಿದ್ದವು. ಸರ್ಕಾರದ ಕಟ್ಟಡ ಗೂಡಿನ ಉಗ್ರಾಣವಾಗಿದೆ ಎಂದು ಬರೆದುಕೊಂಡೆ.

ಒಬ್ಬರನ್ನು ತಡೆದು ಮಾಯಮ್ಮನವರು ಎಲ್ಲಿ ಎಂದು ಕೇಳಿದೆ. “ಈ ಊರ್ನಲ್ಲಿ ಅಂಗನ್ನೋರು ಯಾರೂ ಇಲ್ಲ ಸಾ” ಎಂದರು. ಕೈಯೆಲ್ಲ ಕೆಂಪು ಬಣ್ಣ ಮಾಡಿಕೊಂಡಿದ್ದ ಒಬ್ಬ ಮಹಿಳೆ, “ಊರೋರೆಲ್ಲ ಕೆಂಗಲ್‌ಗೆ ಹೋಗವ್ರೆ” ಎಂದು ಬಾಗಿಲು ಹಾಕಿಕೊಂಡರು. ನಾನು ಕೆಂಗಲ್‌ನಿಂದಲೇ ಬಂದಿದ್ದೆ, ದಾರಿಯಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ಒಬ್ಬ ವೃದ್ಧರನ್ನು ಕುಡಿಯಲು ನೀರು ಕೇಳಿದೆ. ಅವರು, “ಈ ಜಮೀನು ಕೋರ್ಟ್‌ನಲ್ಲೈತೆ ಸ್ವಾಮಿ, ಕಾಲಿಕ್ಬ್ಯಾಡಿ” ಎಂದರು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ತಪಾಸಣೆಯನ್ನು ನಾನು ಮಾಡಿಲ್ಲ. ಸಮಿತಿಯ ಸಭೆ ಆಗಸ್ಟ್ 28ಕ್ಕೆ ಇದೆ. ನಿಮ್ಮ ವಾಚನಾಲಯವನ್ನು ಮುಚ್ಚಬೇಕೋ ಬೇಡವೋ ಎಂಬುದು ಅಂದು ತೀರ್ಮಾನವಾಗುತ್ತದೆ. ಹೇಳುವುದೇನಾದರೂ ಇದ್ದರೆ ಅದರೊಳಗೆ ಬರೆಯಿರಿ.

ಅನಂತರಾಜು


ಸಂಪಿಗೆದೊಡ್ಡಿ
26 ಜುಲೈ 2006

ಸಾಹೇಬರೇ,

ಯಾವ ಮುಖ ಇಟ್ಟುಕೊಂಡು ಬರೆಯಲಿ. ಅವತ್ತು ನಾನು ನಿಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಲಸಿನ ಮರದ ಹಿಂದೆ ನಿಂತಿದ್ದೆ. ನಿಮಗೆ ಸಿಕ್ಕ ಮೂವರನ್ನು ಬಿಟ್ಟು ಇಡೀ ಊರೇ ಹಿಂದಿನ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ಬಗ್ಗಿ ಕೂತಿತ್ತು.

ನಡೆದದ್ದು ಇಷ್ಟು. ಬಿಡದಿಗೆ ಕಾರು ಫ್ಯಾಕ್ಟರಿ ಬಂದ ಮೇಲೆ ನಮ್ಮ ಕಡೆಗೂ ಅಳತೆಯವರು ಬರಲು ಶುರುಮಾಡಿದರು. ಯಾವ ಕಂಪನಿಗೆ, ಎಷ್ಟು ಎಕರೆ, ಒಂದೂ ಹೇಳುವುದಿಲ್ಲ. ಪ್ಯಾಂಟು ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಬರುತ್ತಾರೆ, ಜಮೀನಿನ ಯಜಮಾನರು ಸಿಕ್ಕರೆ ಜಮೀನು ಬಿಟ್ಟುಕೊಡಿ ಎಂಬ ಕಾಗದ ನೀಡಿ ಹೋಗುತ್ತಾರೆ. ಯಾರೂ ಸಿಗದಿದ್ದರೆ ಹಾಗೇ ಹಿಂದಿರುಗುತ್ತಾರೆ. ಅದಕ್ಕೆ ನಮ್ಮೂರಿನವರು ಒಂದು ಕಟ್ಟು ಮಾಡಿಕೊಂಡಿದ್ದಾರೆ, ಫೈಲು ಕಂಡರೆ ಕಾಣೆಯಾಗುವುದು. ಅವತ್ತು ನಾನು ಜಗಲಿಯಲ್ಲಿ ಕೂತು ಪೇಪರಿನ ಎರಡನೇ ಪುಟ ಓದುತ್ತಿದ್ದೆ. ಊರಿನ ಹಿರಿಯರು ಗಂಗಹನುಮಯ್ಯನವರು ರಸ್ತೆ ಕಡೆ ನೋಡಿ, “ಅಳತೆಯೋರು ಬಂದ್ರು, ಎದ್ದೇಳ್ರಪ್ಪ” ಎಂದರು. ಎಣಿಸಿ ಹತ್ತು ಅನ್ನುವಷ್ಟರಲ್ಲಿ ಇಪ್ಪತ್ತೆಂಟು ಜನ ಮಾಯ.

ನಿಮಗೆ ನೀರು ಕೊಡದೆ ಕೋರ್ಟಿನ ಕತೆ ಹೇಳಿದ ಮುದುಕರು ಆ ಗಂಗಹನುಮಯ್ಯನವರೇ. ಬಾಗಿಲು ಹಾಕಿಕೊಂಡವಳು ರೋಶನ್ ಬೀ, ಚನ್ನಪಟ್ಟಣದ ಅಂಗಡಿಗಳಿಗೆ ಬೊಂಬೆಗೆ ಬಣ್ಣ ಹಚ್ಚಿ ಕೊಡುತ್ತಾಳೆ. ಇನ್ನು ಮಾಯಮ್ಮ ಅನ್ನುವವರೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರಲ್ಲ, ಅವರು ನನ್ನ ಯಜಮಾನರು, ನಟರಾಜು. ನಮ್ಮಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ಅಡ್ಡಿಯಿಲ್ಲ.

ಕೊನೆಗೆ ನೀವೇ ವಾಚನಾಲಯದ ಗಡಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದಿರಿ. ನಾನು ಬಿಟ್ಟು ಓಡಿದ್ದ ಪೇಪರ್ ಗಾಳಿಗೆ ಹಾರಾಡುತ್ತಿತ್ತು. ನೀವು ಅದನ್ನು ಹಾಳೆಗೆ ಹಾಳೆ ಜೋಡಿಸಿ, ಮಡಚಿ, ಮೇಲೆ ಒಂದು ಕಲ್ಲಿಟ್ಟು ಹೋದಿರಿ. ಅಳತೆಯವರು ಹಾಗೆ ಮಾಡುವುದಿಲ್ಲ. ಇವರು ಬೇರೆ ಯಾರೋ ಎಂದು ನನಗೆ ಆಗಲೇ ಅನ್ನಿಸಿತು. ಹೊರಗೆ ಬರಲು ನಾಚಿಕೆಯಾಯಿತು.

ಈಗ ಇಪ್ಪತ್ತೆಂಟು ಜನದ ವಿಷಯ. ದಿನಾ ಹತ್ತು ಗಂಟೆಗೆ ಗೂಡು ಬಿಡಿಸುವವರು ಚಂದ್ರಿಕೆ ತಂದು ನಮ್ಮ ಜಗಲಿಯಲ್ಲೇ ಕೂರುತ್ತಾರೆ, ಸೊಪ್ಪು ಹೆಚ್ಚುವವರು ಮಣೆ ತರುತ್ತಾರೆ, ರೋಶನ್ ಬೀ ಬೊಂಬೆ ತರುತ್ತಾಳೆ. ಅವರ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ. ನಾನು ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ರಾಮನಗರ ಮಾರುಕಟ್ಟೆಯ ಗೂಡಿನ ರೇಟು ಬಂದಾಗ ಎಲ್ಲ ಉಸಿರು ಬಿಗಿಹಿಡಿಯುತ್ತಾರೆ. ಬಿಡದಿಯಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸಣ್ಣ ಅಕ್ಷರದ ಜಾಹೀರಾತನ್ನು ನಾನು ಓದಿದ್ದಕ್ಕೇ ರೋಶನ್ ಬೀ ಮಗಳು ಮುನ್ನೀ ಈಗ ಕಂಪನಿ ಬಸ್ಸು ಹತ್ತುವುದು.

ಹಾಗಾದರೆ ಅವರೆಲ್ಲ ಸಹಿ ಏಕೆ ಹಾಕಲಿಲ್ಲ ಎನ್ನುತ್ತೀರಿ. ಪುಸ್ತಕದಲ್ಲಿ ‘ಓದಿದವರ ಸಹಿ’ ಎಂದು ಅಚ್ಚಾಗಿದೆಯಲ್ಲ ಸಾಹೇಬರೇ. ಮೊದಲ ವರ್ಷವೇ ನಾನು ಪುಸ್ತಕ ನೀಡಿದ್ದೆ. ಗಂಗಹನುಮಯ್ಯನವರು ಮುಟ್ಟಲಿಲ್ಲ. “ಓದ್ದೋಳು ನೀನು ಕಣವ್ವ, ನಾವ್ ಕೇಳ್ದೋರು. ಓದ್ದೆ ಸಹಿ ಹಾಕುದ್ರೆ ಸರ್ಕಾರಕ್ಕೆ ಸುಳ್ಳು ಹೇಳ್ದಂಗೆ” ಎಂದರು. ಅಳತೆಯವರಿಗೆ ಬಾಯಲ್ಲಿ ಎಷ್ಟು ಸುಳ್ಳಾದರೂ ಹೇಳಬಹುದು, ಪುಸ್ತಕದಲ್ಲಿ ಮಾತ್ರ ಬರೆಯಬಾರದು ಎನ್ನುವುದು ಅವರ ಕಾನೂನು. ಊರಿಗೆಲ್ಲ ಅದೇ ಕಾನೂನಾಯಿತು.

ಬೇಕಾದವರು ಪೇಪರ್ ಕೊಂಡು ಓದಲಿ ಎಂದು ಬರೆದಿದ್ದೀರಿ. ನಮ್ಮ ಬೀದಿಗೆ ಸರ್ಕಾರ ದೀಪ ಹಾಕಿಸಿದೆ. ಕತ್ತಲಲ್ಲಿ ನಡೆಯುವವರು ತಾವೇ ಬ್ಯಾಟರಿ ಕೊಂಡುಕೊಳ್ಳಲಿ ಎಂದು ಯಾರೂ ಹೇಳಲಿಲ್ಲ. ಗಂಗಹನುಮಯ್ಯನವರು ಎಳೆಯುವ ಬೀಡಿಯಲ್ಲೂ ತೆರಿಗೆ ಇದೆ ಎಂದು ನಾನೇ ಪೇಪರಿನಲ್ಲಿ ಓದಿ ಹೇಳಿದೆ. ಅವತ್ತಿನಿಂದ ಅವರು ಪ್ರತಿ ಬೀಡಿ ಹಚ್ಚುವಾಗಲೂ, “ತಗಳಪ್ಪ, ನಿನ್ ರಸ್ತೆಗೆ ಒಂದು ಕಲ್ಲು” ಎನ್ನುತ್ತಾರೆ. ಕಲ್ಲುಗಳ ಜೊತೆಗೆ ನಮಗೆ ಒಂದು ಪೇಪರನ್ನೂ ಕೊಡಬಾರದೇ?

ತಪ್ಪಾಯಿತು ಎಂದು ಇಡೀ ಊರು ಹೇಳಿದೆ. ಇನ್ನೊಂದು ಸಲ ಬನ್ನಿ, ಈ ಸಲ ಬರೀ ನೀರಲ್ಲ, ಊಟ ಹಾಕುತ್ತೇವೆ. ಫೈಲು ಮಾತ್ರ ಚೀಲದೊಳಗೆ ಇರಲಿ.

ಮಾಯಮ್ಮ


ಬೆಂಗಳೂರು
4 ಆಗಸ್ಟ್ 2006

ಮಾಯಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಕ್ಕೆ. ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು, ತಪಾಸಣೆಯಿಂದ ಸಿಟ್ಟಿನಲ್ಲಿ ಬಂದವನು ನಗುತ್ತಿದ್ದಾನಲ್ಲ ಎಂದು ಅವರಿಗೆ ಆಶ್ಚರ್ಯ. ನಿಮ್ಮ ಕಾಗದ ಬರುವವರೆಗೂ ನನಗೆ ನೀರು ಕೊಡದ ಮುದುಕರ ಮೇಲೆ ಕೋಪವಿತ್ತು. ಈಗ ಇಲ್ಲ.

ಆದರೆ ವಾದದಲ್ಲಿ ನಾನು ಸೋತಿಲ್ಲ. ನಾನು ಕನಕಪುರದ ಕಡೆಯವನು. ಕಾಡಂಚಿನ ಊರು, ರಸ್ತೆ ಇರಲಿಲ್ಲ. ನನ್ನ ತಂಗಿಗೆ ಹೆರಿಗೆ ನೋವು ಬಂದಾಗ ಎತ್ತಿನ ಗಾಡಿಯಲ್ಲಿ ಒಂಬತ್ತು ಮೈಲಿ ಕರೆದುಕೊಂಡು ಹೋದೆವು. ತಾಯಿ, ಮಗು ಇಬ್ಬರೂ ಉಳಿದರು. ಮಗುವಿಗೆ ಈಗ ಮದುವೆಯ ವಯಸ್ಸು. ಆದರೂ ಆ ಒಂಬತ್ತು ಮೈಲಿ ನನಗೆ ಮರೆತಿಲ್ಲ. ಒಂದು ರೂಪಾಯಿ ನಿಮ್ಮ ಪೇಪರಿಗೆ ಹೋದರೆ ಆ ರೂಪಾಯಿ ಅಂಥ ಯಾವುದೋ ಊರಿನ ರಸ್ತೆಗೆ ಹೋಗಲಿಲ್ಲ ಎಂದೇ ಅರ್ಥ. ಬೀದಿ ದೀಪದ ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕತ್ತಲಲ್ಲಿ ಎಡವಿದರೆ ಕಾಲು ಮುರಿಯುತ್ತದೆ, ಪೇಪರ್ ಕೇಳದಿದ್ದರೆ ಏನು ಮುರಿಯುತ್ತದೆ?

ಅದು ಹಾಗಿರಲಿ. ನನ್ನ ಅಭಿಪ್ರಾಯ ಬೇರೆ, ನಿಮ್ಮ ಹಕ್ಕು ಬೇರೆ. ಇಪ್ಪತ್ತೆಂಟು ಜನ ಬಳಸುವ ಸೇವೆಯನ್ನು ಒಬ್ಬರು ಬಳಸುವುದೆಂದು ಸಮಿತಿಯ ಮುಂದಿಟ್ಟರೆ ತಪ್ಪು ನನ್ನದಾಗುತ್ತದೆ. ಸಮಿತಿಗೆ ಜಗಲಿ ಕಾಣುವುದಿಲ್ಲ, ಪುಸ್ತಕ ಕಾಣುತ್ತದೆ. ಹತ್ತು ಜನಕ್ಕಿಂತ ಕಡಿಮೆ ಸಹಿ ಇರುವ ವಾಚನಾಲಯಗಳನ್ನು ಮುಚ್ಚಬೇಕೆಂದು ಯೋಚನೆಯಿದೆ. ನಾಳೆಯಿಂದಲೇ ಎಲ್ಲರ ಸಹಿ ಹಾಕಿಸಿ. ಆಗಸ್ಟ್ 20ರವರೆಗಿನ ನಕಲನ್ನು ಕಳುಹಿಸಿ. ಇಷ್ಟೇ ಕೆಲಸ.

ಅನಂತರಾಜು


ಸಂಪಿಗೆದೊಡ್ಡಿ
14 ಆಗಸ್ಟ್ 2006

ಸಾಹೇಬರೇ,

ಇಷ್ಟೇ ಕೆಲಸ ಎಂದು ಬರೆದುಬಿಟ್ಟಿರಿ. ಇಷ್ಟೇ ಕೆಲಸಕ್ಕೆ ಊರಲ್ಲಿ ನಾಲ್ಕು ದಿನ ಜಗಳವಾಯಿತು.

ನಿಮ್ಮ ಕಾಗದವನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ. ನಿಮ್ಮನ್ನು ಕೇಳದೆ ಓದಿದ್ದಕ್ಕೆ ಬೈಯಬೇಡಿ, ನಮ್ಮಲ್ಲಿ ಅಕ್ಷರ ಬಂದರೆ ಅದು ಎಲ್ಲರದು. ಒಂಬತ್ತು ಮೈಲಿ ಎನ್ನುವಲ್ಲಿಗೆ ಬಂದಾಗ ಗೂಡು ಬಿಡಿಸುವ ಕೈಗಳೆಲ್ಲ ನಿಂತುಹೋದವು. ತಾಯಿ ಮಗು ಉಳಿದರು ಎಂದ ಮೇಲೆ ಮತ್ತೆ ಆಡಿದವು. ರೋಶನ್ ಬೀ, “ಆ ಸಾಹೇಬ್ರು ಒಳ್ಳೇವ್ರು ಕಣವ್ವ. ರಸ್ತೆ ಅವರಿಗ್ ಕೊಡ್ಲಿ, ಪೇಪರ್ ನಮಗ್ ಕೊಡ್ಲಿ” ಎಂದಳು.

ಅಲ್ಲಿಂದ ವಾದ ಶುರುವಾಯಿತು. ನನ್ನ ಯಜಮಾನರು ನಿಮ್ಮ ಪಕ್ಷ. “ಆಸ್ಪತ್ರೆಗೇ ಕೊಡ್ಲಿ. ಪೇಪರ್ ಇಲ್ದಿದ್ರೆ ಯಾರೂ ಸಾಯಕಿಲ್ಲ” ಎಂದರು, ನಾನು ಎದುರಿಗೇ ಕೂತಿದ್ದರೂ. ಗಂಗಹನುಮಯ್ಯನವರು ಬಿಡುತ್ತಾರೆಯೇ. “ಏನ್ಲಾ ನಟರಾಜು, ಆಸ್ಪತ್ರೆಗೆ ಡಾಕ್ಟ್ರು ಬಂದವ್ರೆ ಅಂತ ನಿಂಗೆ ಹೇಳ್ದೋರ್ಯಾರು? ಈ ಜಗ್ಲಿ ಮ್ಯಾಲ್ ತಾನೆ ಕೇಳಿದ್ದು” ಎಂದರು. ಕೊನೆಗೆ ಕೈ ಎತ್ತಿಸಿದೆವು, ಸರ್ಕಾರ ತೆರಿಗೆ ಹಣದಲ್ಲಿ ಮೊದಲು ಏನು ಮಾಡಬೇಕು ಎಂದು. ನೀರಿಗೆ ಎಲ್ಲರೂ ಎತ್ತಿದರು. ಆಮೇಲೆ ಆಸ್ಪತ್ರೆ, ರಸ್ತೆ, ಶಾಲೆ. ಪೇಪರಿಗೆ ಐದನೇ ಸ್ಥಾನ ಬಂತು. ಪಂಚಾಯಿತಿಯವರು ಕಟ್ಟಿಸಬೇಕೆಂದಿರುವ ಸ್ವಾಗತ ಕಮಾನಿಗೆ ಒಂದು ಕೈಯೂ ಏಳಲಿಲ್ಲ. ನನಗೆ ಐದನೇ ಸ್ಥಾನಕ್ಕೆ ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಲೆಕ್ಕ ನೋಡಿದರೆ ನೀವೂ ಗೆದ್ದಿರಿ, ನಾನೂ ಸೋಲಲಿಲ್ಲ. ಐದನೆಯದು ಬೇಡ ಎಂದು ಒಬ್ಬರೂ ಹೇಳಲಿಲ್ಲ, ನನ್ನ ಯಜಮಾನರೂ ಸಹ.

ಸಹಿ ವಿಷಯ ಬಂದಾಗ ಮಾತ್ರ ಎಲ್ಲ ಒಂದಾದರು. ಹಾಕುವುದಿಲ್ಲ ಎಂದುಬಿಟ್ಟರು. ಸಾಹೇಬರೇ ಹೇಳಿದ್ದಾರೆ ಎಂದರೂ ಇಲ್ಲ. ವಾಚನಾಲಯ ಮುಚ್ಚುತ್ತಾರೆ ಎಂದು ಹೆದರಿಸಿದೆ, ಅತ್ತೂ ನೋಡಿದೆ. ಗಂಗಹನುಮಯ್ಯನವರು ಬೀಡಿ ಆರಿಸಿ, “ಒಸಿ ತಡಿ. ಓದ್ದೋರ್ ಸಹಿ ತಾನೆ ಬೇಕಾಗಿರದು? ಅಂಗಾರೆ ಓದೇ ಹಾಕವ. ಒಬ್ಬೊಬ್ರು ಒಂದೊಂದ್ ಸಾಲು” ಎಂದರು.

ಈಗ ಅದೇ ನಡೆದಿದೆ. ಒಬ್ಬೊಬ್ಬರೂ ಕೈ ತೊಳೆದು ಬಂದು, ಒಂದು ಸಾಲು ಓದಿ, ಸಹಿ ಹಾಕಿ, ಹೋಗಿ ಕೂರುತ್ತಾರೆ. ಅಕ್ಷರ ಮರೆತವರು ಕಾಗುಣಿತ ಕೂಡಿಸಿಕೊಂಡು ಓದುತ್ತಾರೆ. ಅಕ್ಷರವೇ ಬಾರದವರಿಗೆ ಸ್ಲೇಟಿನ ಮೇಲೆ ಒಂದು ಪದ ಬರೆದು ಹೇಳಿಕೊಡುತ್ತೇನೆ, ಅವರದು ಅದೊಂದೇ ಪದ, ಆಮೇಲೆ ಬೊಂಬೆ ಬಣ್ಣದಲ್ಲಿ ಹೆಬ್ಬೆಟ್ಟು. ರೋಶನ್ ಬೀಗೆ ಉರ್ದು ಬರುತ್ತದೆ, ಕನ್ನಡದಲ್ಲಿ ಅಂಕಿ ಮಾತ್ರ ಗೊತ್ತು, ಅದಕ್ಕೆ ಗೂಡಿನ ರೇಟು ಅವಳ ಪಾಲು. ನಾನು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಪೇಪರ್ ಈಗ ಸಂಜೆಯಾದರೂ ಮೂರನೇ ಪುಟ ದಾಟುವುದಿಲ್ಲ. ಶನಿವಾರದ ಪೇಪರ್ ಇನ್ನೂ ಮುಗಿದಿಲ್ಲ, ಸೋಮವಾರದ್ದು ಬಂದು ಕೂತಿದೆ. ಊರೆಲ್ಲ ಎರಡು ದಿನ ಹಿಂದೆ ಉಳಿದಿದ್ದೇವೆ.

ಪೇಪರ್ ಕೇಳದಿದ್ದರೆ ಏನು ಮುರಿಯುತ್ತದೆ ಎಂದು ಕೇಳಿದಿರಿ. ಊರಿನ ಪರವಾಗಿ ನನಗೆ ಉತ್ತರ ಗೊತ್ತಿಲ್ಲ, ನನ್ನದು ಹೇಳುತ್ತೇನೆ. ನಾನು ಮಾಗಡಿ ಕಡೆಯಿಂದ ಮದುವೆಯಾಗಿ ಬಂದು ಹದಿನೆಂಟು ವರ್ಷ. ಮೊದಲ ಹನ್ನೆರಡು ವರ್ಷ ಈ ಊರಿನಲ್ಲಿ ಮಾಯಮ್ಮ ಎಂಬುವಳು ಇರಲಿಲ್ಲ. ನಟರಾಜು ಹೆಂಡತಿ ಇದ್ದಳು, ದೊಡ್ಡಮನೆಯ ಸೊಸೆ ಇದ್ದಳು. ನನ್ನ ಯಜಮಾನರು ಇವತ್ತಿಗೂ ನನ್ನನ್ನು ‘ಇವಳೇ’ ಎಂದೇ ಕರೆಯುವುದು. ಜಗಲಿಯಲ್ಲಿ ಪೇಪರ್ ಹಿಡಿದು ಕೂತ ಮೇಲೆ ಜನ ಮಾಯಮ್ಮ ಎಂದರು. ಆ ಬಾಗಿಲು ಮುಚ್ಚಿದರೆ ನನ್ನ ಹೆಸರು ಒಳಗೇ ಉಳಿದುಬಿಡುತ್ತದೆ. ನನಗೆ ಭಯವಾಗಿದೆ ಸಾಹೇಬರೇ. ಗೌರವಧನಕ್ಕಲ್ಲ, ಇದಕ್ಕೆ.

ಇಪ್ಪತ್ತರ ನಂತರ ನಕಲು ಕಳುಹಿಸುತ್ತೇನೆ, ಅದರಲ್ಲೂ ಅವರವರೇ ಹಾಕಿದ ಸಹಿ, ಹೆಬ್ಬೆಟ್ಟು ಇರುತ್ತದೆ. ಅಲ್ಲಲ್ಲಿ ಬೊಂಬೆ ಬಣ್ಣ ಹತ್ತಿದೆ, ಕ್ಷಮಿಸಬೇಕು.

ಮಾಯಮ್ಮ


ಬೆಂಗಳೂರು
24 ಆಗಸ್ಟ್ 2006

ಮಾಯಮ್ಮನವರೇ,

ನಕಲು ತಲುಪಿತು. ಕೆಂಪು ಬಣ್ಣದ ಹೆಬ್ಬೆಟ್ಟುಗಳನ್ನು ನೋಡಿ ನಮ್ಮ ಕಚೇರಿಯವರು ಇದು ಯಾವ ಮೊಹರು ಎಂದು ಕೇಳಿದರು.

ನಿಮಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಜೂನ್ ತಿಂಗಳಲ್ಲಿ ನಿಮಗೆ ಮೊದಲ ಪತ್ರ ಬರೆಯುವ ಮುಂಚೆಯೇ ನಿಮ್ಮ ವಾಚನಾಲಯ ಮುಚ್ಚಬಹುದು ಎಂಬ ಟಿಪ್ಪಣಿಯನ್ನು ಬರೆದಿಟ್ಟಿದ್ದೆ. ವಿವರಣೆ ಕೇಳಿದ್ದು ನಿಯಮಕ್ಕೆ ಮಾತ್ರ. ತಪಾಸಣೆಗೆ ಬಂದದ್ದೂ ಅದಕ್ಕೇ. ಈಗ ಆ ಟಿಪ್ಪಣಿಯನ್ನು ತೆಗೆದು ಬೇರೆ ಬರೆದಿದ್ದೇನೆ. ಪೇಪರಿಗಿಂತ ರಸ್ತೆ ಮೊದಲು ಎಂಬ ಮಾತನ್ನು ನಾನು ಬಿಟ್ಟಿಲ್ಲ, ನಿಮ್ಮ ಊರೂ ಅದನ್ನೇ ಹೇಳಿದೆ. ಐದನೆಯದಕ್ಕೂ ತೆರಿಗೆಯಲ್ಲಿ ಜಾಗವಿದೆ ಎಂದಷ್ಟೇ ಸೇರಿಸಿದ್ದೇನೆ.

ಆದರೆ ಸುಳ್ಳು ಭರವಸೆ ಕೊಡಲಾರೆ. ಸಮಿತಿಯಲ್ಲಿ ಏಳು ಜನರಿದ್ದಾರೆ, ನನಗೆ ಅಲ್ಲಿ ಮತವಿಲ್ಲ. ಒಂದು ಸಾಲು ಓದುವುದೂ ಒಂದು ಓದೇ ಎಂದು ಕೇಳುವವರು ಇಬ್ಬರಾದರೂ ಇದ್ದಾರೆ. ಜುಲೈವರೆಗಿನ ಪುಸ್ತಕದಲ್ಲಿ ಒಂದೇ ಸಹಿ ಇರುವುದನ್ನು ಯಾರೂ ಅಳಿಸುವಂತಿಲ್ಲ. ಸೋಮವಾರ ಸಭೆ. ತೀರ್ಮಾನ ಏನೇ ಆದರೂ ಕಚೇರಿಯ ಆದೇಶ ಬರುವ ಮೊದಲು ನಾನೇ ಬರೆಯುತ್ತೇನೆ.

ನಿಮ್ಮ ಕೊನೆಯ ಕಾಗದವನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಅವಳ ಹೆಸರು ಹಿಡಿದು ಕರೆದೆ. ಏನಾಗಿದೆ ನಿಮಗೆ ಎಂದು ಕೇಳಿದಳು.

ಅನಂತರಾಜು


ಸಂಪಿಗೆದೊಡ್ಡಿ
9 ಸೆಪ್ಟೆಂಬರ್ 2006

ಅಣ್ಣನಂಥ ಅನಂತರಾಜು ಸಾಹೇಬರಿಗೆ,

ನಿಮ್ಮ ಕಾಗದ ಮಂಗಳವಾರ ಹನ್ನೊಂದು ಗಂಟೆಗೆ, ಪೇಪರಿನಲ್ಲಿ ನನ್ನ ಸರದಿ ಬರುವ ಮುಂಚೆಯೇ ಬಂತು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ಮಧ್ಯಾಹ್ನ ಮೂರೂವರೆಗೆ. ಹೇಗೆಂದು ಹೇಳುತ್ತೇನೆ, ಕೇಳಿ.

ಪೋಸ್ಟಿನವರ ಕೈಯಿಂದ ತೆಗೆದುಕೊಂಡು ಲಕೋಟೆ ಒಡೆದೆ. ಹಾಳೆ ಬಿಡಿಸಬೇಕು, ಗಂಗಹನುಮಯ್ಯನವರು ಅಡ್ಡ ಬಂದರು. “ನೀನ್ ಓದ್ಬ್ಯಾಡ ಕಣವ್ವ. ನೀನ್ ಓದುದ್ರೆ ಅದೇ ಒಂದು ಸಹಿ ಆಯ್ತದೆ. ಇದು ಊರಿಗ್ ಬಂದಿರೋ ಕಾಗದ, ಊರೇ ಓದ್ತದೆ” ಎಂದರು. ನಾನು ಕೊನೆಯ ಸಾಲಾದರೂ ನೋಡಿಬಿಡುತ್ತೇನೆ ಎಂದು ಗೋಗರೆದೆ. ಇಪ್ಪತ್ತೆಂಟು ಜನರಲ್ಲಿ ಒಬ್ಬರಿಗೂ ಕರುಣೆ ಬರಲಿಲ್ಲ. ಮುಂದಿನದು ಮೊದಲು ಓದಿದರೆ ನಡುವಿನವರ ಪಾಲು ಹೋಗುತ್ತದಂತೆ.

ನನ್ನ ಮಡಿಲಿಗೆ ಒಂದು ಚಂದ್ರಿಕೆ ಕೊಟ್ಟು ಗೂಡು ಬಿಡಿಸು ಎಂದರು. ಆರು ವರ್ಷದಲ್ಲಿ ಮೊದಲ ಸಲ ಜಗಲಿಯ ಆ ಕಡೆ ಕೂತೆ. ಹಾಳೆ ತೆಳ್ಳಗಿತ್ತು, ಬಿಸಿಲಿಗೆ ಹಿಡಿದಾಗ ಹಿಂದಿನಿಂದ ಅಕ್ಷರ ಉಲ್ಟಾ ಕಾಣುತ್ತಿತ್ತು. ಕತ್ತು ಉದ್ದ ಮಾಡಿದೆ. ರೋಶನ್ ಬೀ ನನ್ನ ಭುಜ ಹಿಡಿದು ಗೋಡೆ ಕಡೆಗೆ ತಿರುಗಿಸಿಬಿಟ್ಟಳು.

ನಿಮ್ಮ ಕೈಬರಹಕ್ಕೆ ಎಲ್ಲರೂ ಬೈದರು. ‘ಸಮಿತಿ’ ಎಂಬ ಪದಕ್ಕೆ ಹತ್ತು ನಿಮಿಷ ಹಿಡಿಯಿತು. ನಲವತ್ತಾರು ಪುಟದ ಫೈಲನ್ನು ಸಭೆಗೆ ಬರುವ ಮುಂಚೆ ಯಾರೂ ಓದಿರಲಿಲ್ಲ, ನೀವೇ ನಿಂತು ಓದಿದಿರಿ, ನಮ್ಮ ಕಾಗದಗಳನ್ನೂ ಓದಿದಿರಿ, ಏಳು ಜನ ಟೀ ಕುಡಿಯುತ್ತ ಕೇಳಿದರು ಎಂದು ಬರೆದಿದ್ದೀರಲ್ಲ, ಅಷ್ಟು ಬರುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಯಾರೂ ಏಳಲಿಲ್ಲ. ‘ಕೊನೆಗೆ ಏಳೂ ಜನ ಸಹಿ ಹಾಕಿದರು’ ಎಂಬ ಸಾಲು ಮುಗಿದ ಕೂಡಲೇ ಗಂಗಹನುಮಯ್ಯನವರು, “ಓದ್ದೆ ಹಾಕುದ್ರಾ?” ಎಂದರು. ಜಗಲಿಯ ಮೇಲೆ ನಗು ತಡೆಯಲಾಗಲಿಲ್ಲ. ಏತಕ್ಕೆ ಸಹಿ ಹಾಕಿದರು, ಮುಚ್ಚಲಿಕ್ಕೋ ತೆರೆಯಲಿಕ್ಕೋ ಎಂದು ಗೊತ್ತಿಲ್ಲದೆಯೇ ನಕ್ಕೆವು.

ಶೀಟು ಹಾಕಿಸಲು ಹಣವಿಲ್ಲ ಎಂಬ ಸಾಲು ಬಂತು. ನನ್ನ ಜೀವ ಅಲ್ಲಿಗೇ ಕುಸಿಯಿತು. ಶೀಟೇ ಇಲ್ಲ ಎಂದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡೆ. ಮುಂದಿನ ಸಾಲು ಗಂಗಹನುಮಯ್ಯನವರದು. ಅವರು ಕೈ ತೊಳೆದು, ಕನ್ನಡಕ ಒರೆಸಿ, ಬೆರಳಿಟ್ಟುಕೊಂಡು ಓದಿದರು. “ಸಂ...ಪಿ...ಗೆ...ದೊಡ್ಡಿ...ಯ... ವಾ...ಚ...ನಾ...ಲಯ...ವನ್ನು... ತೆ...ರಿ...ಗೆ... ಹ...ಣ...ದಲ್ಲಿ” ಎಂದು ನಿಂತರು.

“ಹಣದಲ್ಲಿ? ಹಣದಲ್ಲಿ ಏನು?” ಎಂದು ನಾನು ಗೋಡೆಯ ಕಡೆಯಿಂದಲೇ ಕೂಗಿದೆ.

“ಸಾಲು ಮುಗೀತು ಕಣವ್ವ. ನಂದು ಇಷ್ಟೇಯ” ಎಂದು ಸಹಿ ಹಾಕಲು ಹೋದರು. ಆ ಮುದುಕರ ಸಹಿಗೆ ಎಷ್ಟು ಹೊತ್ತು ಬೇಕು ಎಂದು ನಿಮಗೆ ಗೊತ್ತಿಲ್ಲ.

ಆಮೇಲಿನ ಸಾಲು ಯಾರದೆಂದುಕೊಂಡಿರಿ? ನನ್ನ ಯಜಮಾನರದು. ಅವರು ಎದ್ದು ಬಂದು ಹಾಳೆ ತೆಗೆದುಕೊಂಡರು. “ಮುಂದುವರಿಸಲು ಒಪ್ಪಿದೆ” ಎಂದರು. ಜಗಲಿಯಲ್ಲಿ ಕೂಗು ಎದ್ದಿತು. ರೋಶನ್ ಬೀ ಬಣ್ಣದ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ.

“ಇರ್ರಪ್ಪ, ಸಾಲು ಇನ್ನೂ ಐತೆ” ಎಂದರು ಇವರು. ಗದ್ದಲ ನಿಂತಿತು. ಇವರು ಹಾಳೆ ನೋಡುತ್ತ ನಿಂತುಬಿಟ್ಟರು. “ಮೇಲ್ವಿಚಾರಕಿಯಾಗಿ ಶ್ರೀಮತಿ” ಎಂದು ತಡವರಿಸಿ, ತಲೆ ಎತ್ತಿ ಗಂಗಹನುಮಯ್ಯನವರನ್ನು, “ಇದೊಂದ್ ಪದ ಬುಟ್ಟು ಓದ್ಲಾ?” ಎಂದು ಕೇಳಿದರು.

“ಬುಡಂಗಿಲ್ಲ ಕಣ್ಲಾ. ಬುಟ್ರೆ ಸಹಿ ಇಲ್ಲ” ಎಂದರು ಅವರು.

ಇವರ ಕಿವಿ ಕೆಂಪಾಯಿತು. ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಹಾಳೆ ನೋಡಿ, “ಮಾಯಮ್ಮ” ಎಂದು ಓದಿದರು. ಸ್ವಲ್ಪ ತಡೆದು, “ಮಾಯಮ್ಮನವರೇ ಇರತಕ್ಕದ್ದು” ಎಂದು ಪೂರ್ತಿ ಮಾಡಿದರು. ಹದಿನೆಂಟು ವರ್ಷದಲ್ಲಿ ಆ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು, ಅದೂ ‘ನವರು’ ಸೇರಿಸಿ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಯಾರೂ ನಗಲಿಲ್ಲ. ಅವರು ಹೋಗಿ ಸಹಿ ಹಾಕಿದರು.

ಕತ್ತಲಾಗುವ ಮುಂಚೆ ಬಾಗಿಲು ಹಾಕಲು ಹೋಗಿ ಪುಸ್ತಕ ತೆರೆದೆ. ಸೆಪ್ಟೆಂಬರ್ 5ರ ಪುಟದಲ್ಲಿ ಇಪ್ಪತ್ತೆಂಟು ಗುರುತುಗಳಿದ್ದವು. ಪೆನ್ನು ತೆಗೆದೆ, ಮತ್ತೆ ಮುಚ್ಚಿಟ್ಟೆ. ತಪಾಸಣೆಯವರು ಮುಂದೆ ಕೇಳಿದರೆ ನೀವೇ ವಿವರಣೆ ಕೊಡಿ ಸಾಹೇಬರೇ, ಆರು ವರ್ಷದಲ್ಲಿ ಆ ಒಂದು ದಿನ ಮೇಲ್ವಿಚಾರಕಿಯ ಸಹಿ ಇಲ್ಲ. ಬಾಗಿಲು ತೆಗೆದಿದ್ದೆ, ಎಲ್ಲರ ಜೊತೆ ಜಗಲಿಯಲ್ಲೇ ಕೂತಿದ್ದೆ, ಆದರೆ ಅವತ್ತು ನಾನು ಒಂದು ಸಾಲೂ ಓದಿರಲಿಲ್ಲ.

ಮಾಯಮ್ಮ